ಐದೂವರೆಯ ಬಾಜಿ

೧೨ ಜನವರಿ ೨೦೦೦, ಬುಧವಾರ

ಇವತ್ತೂ ಕಾಲೇಜಿನಿಂದ ಹಿಂಗಣಾ ಬಸ್ಸಿನಲ್ಲಿ ನಿಂತೇ ಬಂದೆ. ಫ್ಯಾಕ್ಟರಿ ಪಾಳಿ ಬಿಟ್ಟವರೆಲ್ಲ ಒಟ್ಟಿಗೆ ಹತ್ತಿದ್ದರು. ಯಾರದೋ ಟಿಫಿನ್ ಡಬ್ಬಿ ದಾರಿಯುದ್ದಕ್ಕೂ ನನ್ನ ಪಕ್ಕೆಯಲ್ಲೇ. ಮನೆ ಮುಟ್ಟಿದಾಗ ಐದು.

ಇವರು ಕಿಟಕಿ ಹತ್ತಿರದ ಕುರ್ಚಿಯಲ್ಲಿ. ಥೆರಪಿ ಕಾರ್ಡುಗಳು ಬೆಳಗ್ಗೆ ಇಟ್ಟಲ್ಲೇ ಇವೆ. ಮುಟ್ಟಿಲ್ಲ. ಆಗಸ್ಟಿನಲ್ಲಿ ಸ್ಟ್ರೋಕ್ ಆದದ್ದು, ಐದು ತಿಂಗಳಾಯಿತು. ಕೋಲು ಹಿಡಿದು ನಡೆಯುತ್ತಾರೆ. ಬಲಗೈ ತುಸು ಎತ್ತುತ್ತಾರೆ. ಮಾತು ಮಾತ್ರ… ಹಾಂ, ಬ್ಯಾಡ, ಚಹಾ. ಮುಗಿಯಿತು. ಬುದ್ಧಿ ನೆಟ್ಟಗಿದೆ, ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಶಬ್ದ ಹೊರಗೆ ಬರುತ್ತಿಲ್ಲ ಅಷ್ಟೇ ಎಂದು ಡಾಕ್ಟರು ಹೇಳುತ್ತಾರೆ. ಅಷ್ಟೇ ಅಂತೆ!

ಥೆರಪಿಸ್ಟ್ ಹುಡುಗಿ ಒಳ್ಳೆಯವಳು. ಆದರೆ ಆನೆ ಚಿತ್ರ ಹಿಡಿದು "ಕಾಕಾ, ಹೇ ಕಾಯ್ ಆಹೇ?" ಎಂದು, ಇದೇನು ಹೇಳಿ ಎಂದು ಮರಾಠಿಯಲ್ಲಿ ರಾಗ ಎಳೆಯುತ್ತಾಳೆ. ಇಪ್ಪತ್ತಾರು ವರ್ಷ ಫ್ಯಾಕ್ಟರಿಯಲ್ಲಿ ನಲವತ್ತು ಜನರ ಮೇಲೆ ದನಿ ಎತ್ತಿ ಕೆಲಸ ಮಾಡಿಸಿದ ಮನುಷ್ಯ. ಆನೆ ನೋಡಿ ಮುಖ ತಿರುಗಿಸುತ್ತಾರೆ. ತಪ್ಪೇನು?

ಮಾರ್ಚಿನಲ್ಲಿ ಫ್ಯಾಕ್ಟರಿಯ ಮೆಡಿಕಲ್ ಬೋರ್ಡ್. ನಾಲ್ಕು ಮಾತು ಆಡಿದರೆ ಸ್ಟೋರ್ಸ್‌ನಲ್ಲಿ ಕುರ್ಚಿ ಕೆಲಸ. ಆಡದಿದ್ದರೆ ನಲವತ್ತೊಂಬತ್ತಕ್ಕೇ ಮನೆಗೆ. ಈ ಕಿಟಕಿ, ಈ ಕುರ್ಚಿ.

೧೬ ಜನವರಿ, ಭಾನುವಾರ

ಉಮಾಕಾಂತ ಬಂದಿದ್ದರು. ಫ್ಯಾಕ್ಟರಿಯ ಹಾಕಿ ಟೀಮಿನಲ್ಲಿ ಇವರು ಗೋಲ್‌ಕೀಪರ್, ಅವರು ಬ್ಯಾಕ್. ಹಳೆಯ ದೋಸ್ತಿ. ಮಾತಾಡಲು ಏನೂ ತೋಚದೆ ಟಿವಿ ಚಾನೆಲ್ ತಿರುವುತ್ತ ಕೂತರು. ಒಂದು ಕಡೆ ಐಸ್ ಹಾಕಿ ಬಂತು. ಅಮೆರಿಕದ್ದು. ದಿನಾ ಸಂಜೆ ಐದೂವರೆಗೆ ಒಂದು ಪಂದ್ಯ ತೋರಿಸುತ್ತಾರಂತೆ.

"ಏ ವಿಜಯಾ, ನೋಡೋ! ಗೋಲ್‌ಕೀಪರ್ ಮನಿ ಗಾದಿಯೆಲ್ಲಾ ಕಟಗೊಂಡು ನಿಂತಾನ!" ಎಂದು ಇವರ ಬೆನ್ನು ತಟ್ಟಿದರು.

ಇವರು ಮುಂದೆ ಬಾಗಿದರು. ಎಷ್ಟು ದಿನವಾಗಿತ್ತು ಇವರು ಯಾವುದಕ್ಕಾದರೂ ಮುಂದೆ ಬಾಗಿ.

"ಯಾರು ಗೆಲ್ತಾರ್ರೀ?" ಕೇಳಿದೆ. ಸುಮ್ಮನೆ, ಬಾಯಿಗೆ ಬಂತೆಂದು.

ತುಟಿ ಸೇರಿದವು. ಬಿಟ್ಟವು. ಮತ್ತೆ ಸೇರಿದವು. ಹಣೆಯಲ್ಲಿ ನರ ಉಬ್ಬಿತು.

"ಬ… ಬಫ… ಲೋ."

ಉಮಾಕಾಂತ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಅಳಲಿಲ್ಲ. ಬಫಲೋ ಟೀಮು ಸೋತಿತು, ಪಾಪ.

೧೭ ಜನವರಿ

ಬಸ್ಸಿನಲ್ಲಿ ಹೊಳೆದದ್ದು. ಬರೆದಿಡುತ್ತೇನೆ.

ಮದುವೆಯಾದ ವಾರದಿಂದ ನಮ್ಮದು ಬಾಜಿಯ ಸಂಸಾರ. ರೈಲು ತಡವೋ ಸಮಯಕ್ಕೋ, ಪಕ್ಕದ ಮನೆಯವರು ಹೊಸ ಸ್ಕೂಟರ್ ತರುತ್ತಾರೋ ಇಲ್ಲವೋ, ನನ್ನ ಅಕ್ಕ ಫೋನಿನಲ್ಲಿ ಎಷ್ಟು ನಿಮಿಷಕ್ಕೆ ಅಳುತ್ತಾಳೆ… ಎಲ್ಲದಕ್ಕೂ ಬಾಜಿ. ಸೋತವರು ಚಹಾ ಮಾಡಬೇಕು. ಆಗಸ್ಟಿನಿಂದ ಒಂದೂ ಕಟ್ಟಿಲ್ಲ.

ಮತ್ತೆ ಕಟ್ಟೋಣ. ಐಸ್ ಹಾಕಿಯ ಮೇಲೆ. ಬೆರಳು ತೋರಿಸಿದರೆ ಲೆಕ್ಕಕ್ಕಿಲ್ಲ, ಟೀಮಿನ ಹೆಸರು ಬಾಯಲ್ಲೇ ಹೇಳಬೇಕು. ಸೋತರೆ ಹತ್ತು ಥೆರಪಿ ಕಾರ್ಡು ಓದಬೇಕು. ಗೆದ್ದರೆ ಆನೆಗೆ ಅಂದು ರಜೆ.

ಎದುರಾಳಿ ನಾನಲ್ಲ. ನಾನಾದರೆ ಬೇಕೆಂದೇ ಸೋಲುತ್ತೇನೆಂದು ಇವರಿಗೆ ಗೊತ್ತು, ಸಿಟ್ಟಾಗುತ್ತಾರೆ. ಎದುರಾಳಿ ಕಂಪ್ಯೂಟರ್. ಹೋದ ವರ್ಷ ಪುಣೆಯ ರಿಫ್ರೆಶರ್ ಕೋರ್ಸಿನಲ್ಲಿ ನ್ಯೂರಲ್ ನೆಟ್‌ವರ್ಕ್ ಕಲಿಸಿದ್ದರು. ಹಳೆಯ ಉದಾಹರಣೆ ತೋರಿಸಿದರೆ ಪ್ರೋಗ್ರಾಮ್ ತಾನೇ ಕಲಿತು ಹೊಸದಕ್ಕೆ ಉತ್ತರ ಊಹಿಸುತ್ತದೆ. ಸ್ಟ್ಯಾಟಿಸ್ಟಿಕ್ಸ್ ಮೇಡಂ ಆಗಿ ಹದಿನೆಂಟು ವರ್ಷ. ಒಂದು ದಿನವಾದರೂ ಮನೆಗೆ ಉಪಯೋಗವಾಗಲಿ.

೨೪ ಜನವರಿ

ತಯಾರಾಯಿತು. ಒಂದೊಂದು ಟೀಮಿನ ಕೊನೆಯ ಐದು ಪಂದ್ಯಗಳ ಗೋಲು ಕೊಟ್ಟರೆ ಯಾರು ಗೆಲ್ಲುತ್ತಾರೆ ಎಂದು ಹೇಳುತ್ತದೆ. ಫಲಿತಾಂಶದ ಪಟ್ಟಿಯನ್ನು ಮಧ್ಯಾಹ್ನ ಕಾಲೇಜಿನ ಇಂಟರ್ನೆಟ್‌ನಿಂದ ಇಳಿಸುವುದು, ಹಾಗೆಯೇ ಫ್ಲಾಪಿಗೆ ಹಾಕುವುದು, ಮನೆಗೆ ಬಂದು ಪ್ರೋಗ್ರಾಮ್ ಓಡಿಸುವುದು. ಐದೂವರೆಗೆ ಬಾಜಿ.

ಇವರು "ಬಾಸ್… ಟನ್" ಎಂದರು. ಮಷಿನ್ ಟೊರೊಂಟೊ ಎಂದಿತು. ಟೊರೊಂಟೊ ಗೆದ್ದಿತು. ಇವರು ಕಂಪ್ಯೂಟರಿನ ಕಡೆ ದುರುಗುಟ್ಟಿ ನೋಡಿ ಕಾರ್ಡುಗಳನ್ನು ಎಳೆದುಕೊಂಡರು. ಆನೆಗೆ "ಹ… ತ್ತಿ". ಮರಾಠಿ, ಕನ್ನಡ ಯಾವುದಾದರೂ ಸರಿ, ಬರಲಿ.

೬ ಫೆಬ್ರವರಿ, ಭಾನುವಾರ

ಹದಿಮೂರು ಪಂದ್ಯ. ಮಷಿನ್ ಹನ್ನೊಂದು ಸರಿ. ಇವರು ಆರು. ನಾನೇ ಬರೆದ ಪ್ರೋಗ್ರಾಮ್ ಇಷ್ಟು ಜಾಣ ಎಂದು ಗೊತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡೆ, ಸುಳ್ಳೇಕೆ ಹೇಳಲಿ.

ಸೋತ ದಿನವೆಲ್ಲ ತಪ್ಪದೆ ಕಾರ್ಡು ಓದುತ್ತಾರೆ. ನಿನ್ನೆ ಹತ್ತರಲ್ಲಿ ಏಳು ಬಂದವು. ಥೆರಪಿಸ್ಟ್ ಹುಡುಗಿ ತನ್ನ ಪಾಠದ ಗುಣ ಎಂದುಕೊಂಡಿದ್ದಾಳೆ. ಇರಲಿ.

೨೦ ಫೆಬ್ರವರಿ, ಭಾನುವಾರ

ಉಮಾಕಾಂತ ಮಷಿನ್ ಆಟ ನೋಡಿ ಹುಬ್ಬೇರಿಸಿದರು.

"ವೈನಿ, ಇದನ್ನ ಇಟಗೊಂಡು ನೀವು ಕಾಲೇಜಿಗ್ಯಾಕ ಹೋಗ್ತೀರಿ? ಇತವಾರಿ ಪ್ಯಾಟಿಯೊಳಗ ಸಟ್ಟಾ ಜೂಜಿನವರ ಮುಂದ ಕೂತ್ರ ಊರೇ ನಿಮ್ದು!"

"ಮೊದ್ಲ ನಿಮ್ಮನ್ನ ಪೊಲೀಸ್ರು ಹಿಡೀತಾರ, ಆಮ್ಯಾಲೆ ನನ್ನ."

"ಬರೇ ಚಾಷ್ಟಿ ಅಲ್ಲರೀ. ಮುಂದಿನ ವಾರದ್ದು ಈಗ ಹೇಳ್ಸ್ರಿ ನೋಡೂಣು. ಬರಕೋತೀನಿ. ರೊಕ್ಕ ಹಚ್ಚೂದಿಲ್ಲ, ಆಣಿ."

ವೇಳಾಪಟ್ಟಿ ನೋಡಿ ಮುಂದಿನ ಒಂಬತ್ತು ಪಂದ್ಯಗಳದ್ದು ಓಡಿಸಿ ಕೊಟ್ಟೆ. ಇವರು ನಮ್ಮಿಬ್ಬರನ್ನೂ ನೋಡುತ್ತ ಏನೋ ನಗುವಿನ ಹಾಗೆ ಬಾಯಿ ಓರೆ ಮಾಡಿದರು.

೨೭ ಫೆಬ್ರವರಿ

ಒಂಬತ್ತರಲ್ಲಿ ನಾಲ್ಕು. ನಾಣ್ಯ ಚಿಮ್ಮಿದ್ದರೂ ಇಷ್ಟು ಬರುತ್ತಿತ್ತು. ಉಮಾಕಾಂತ "ಪುಣ್ಯಾಕ ಹಚ್ಚಲಿಲ್ಲ ವೈನಿ" ಎಂದು ನಗುತ್ತ ಹೋದರು. ಆದರೆ ಅದೇ ವಾರ ಸಂಜೆಯ ಬಾಜಿಯಲ್ಲಿ ಮಷಿನ್ ಏಳಕ್ಕೆ ಏಳು.

ಮುಂದಿನ ವಾರದ್ದಕ್ಕೆ ದಡ್ಡ, ಸಂಜೆಯದಕ್ಕೆ ಜಾಣ. ಇದು ಹೇಗೆ?

೩ ಮಾರ್ಚ್, ಶುಕ್ರವಾರ

ಸಿಕ್ಕಿತು. ನನ್ನ ಕೈಯಾರೆ ಮಾಡಿದ ತಪ್ಪು.

ಉದಾಹರಣೆಗೆ, ಅಮೆರಿಕದಲ್ಲಿ ಹದಿಮೂರರ ರಾತ್ರಿ ಆಡಿದ ಪಂದ್ಯ ಮುಗಿಯುವ ಹೊತ್ತಿಗೆ ನಮಗೆ ಹದಿನಾಲ್ಕರ ಬೆಳಗು. ನಮ್ಮ ಟಿವಿ ಅದನ್ನೇ ರೆಕಾರ್ಡ್ ಮಾಡಿ ಹದಿನಾಲ್ಕರ ಸಂಜೆ ಐದೂವರೆಗೆ ತೋರಿಸುತ್ತದೆ. ನಾನು ಮಧ್ಯಾಹ್ನ ಇಳಿಸುವ ಪಟ್ಟಿಯಲ್ಲಿ ತಾರೀಖು "೧೩" ಎಂದಷ್ಟೇ ನೋಡಿ, ನಿನ್ನೆಯದು, ಹಳೆಯದು ಎಂದು "ಕೊನೆಯ ಐದು ಪಂದ್ಯ"ದಲ್ಲಿ ಸೇರಿಸುತ್ತಿದ್ದೆ. ಅಂದರೆ ಸಂಜೆ ನಾವು ಬಾಜಿ ಕಟ್ಟುವ ಪಂದ್ಯದ ಫಲಿತಾಂಶವನ್ನೇ ಮಷಿನ್‌ಗೆ ಮೊದಲೇ ತಿನ್ನಿಸುತ್ತಿದ್ದೆ. ಅದು ಊಹಿಸುತ್ತಿರಲಿಲ್ಲ. ಉತ್ತರ ಪತ್ರಿಕೆ ನೋಡಿ ಬರೆಯುತ್ತಿತ್ತು.

ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ಹುಡುಗರನ್ನು ಎದ್ದು ನಿಲ್ಲಿಸುತ್ತೇನೆ. ಮನೆಯಲ್ಲಿ ನಾಲಿಗೆ ಬಿದ್ದ ಗಂಡನನ್ನು ಆರು ವಾರ ಕಾಪಿ ಹೊಡೆದು ಸೋಲಿಸಿದ್ದೇನೆ.

ಹೇಳಬೇಕು. ಆದರೆ ಹೇಳಿದರೆ? ಆಟವೇ ಸುಳ್ಳೆಂದು ಬಿಟ್ಟುಬಿಟ್ಟರೆ? ಬೋರ್ಡಿಗೆ ಇನ್ನು ಹತ್ತೊಂಬತ್ತು ದಿನ. ಕಾರ್ಡು ಹತ್ತಕ್ಕೆ ಒಂಬತ್ತು ಬರುತ್ತಿವೆ. ಹೇಳುವುದಿಲ್ಲ. ಇವತ್ತಿನಿಂದ ತಿಳಿದೂ ತಿಳಿದೂ ಮೋಸ. ದೇವರೇ, ಹತ್ತೊಂಬತ್ತು ದಿನ ಕಣ್ಣು ಮುಚ್ಚಿಕೋ.

೨೨ ಮಾರ್ಚ್, ಬುಧವಾರ

ಬೋರ್ಡ್ ಆಯಿತು.

ಮೂವರು ಡಾಕ್ಟರು, ಹಸಿರು ಬಟ್ಟೆಯ ಮೇಜು. "ಆಪ್ ಕಾ ನಾಮ್?" ಇವರು ಬಾಯಿ ತೆರೆದರು. ಏನೂ ಬರಲಿಲ್ಲ. ಹೆಸರು, ತಮ್ಮದೇ ಹೆಸರು. ಕುತ್ತಿಗೆ ಕೆಂಪಾಯಿತು. ನಾನು ಬಾಗಿಲ ಬಳಿ. ಮಾತಾಡಕೂಡದೆಂದು ಹೇಳಿದ್ದರು. ಮನಸ್ಸಿನಲ್ಲೇ ವಿ… ವಿ… ಎಂದು ಎಳೆಯುತ್ತಿದ್ದೆ.

ದೊಡ್ಡ ಡಾಕ್ಟರು ಕೆಟ್ಟವರಲ್ಲ. ಫೈಲು ಮುಚ್ಚಿ, ಮೂರು ತಿಂಗಳು ಬಿಟ್ಟು ಕೊನೆಯ ಸಲ ನೋಡೋಣ ಎಂದರು. ಜೂನ್ ಹದಿನೈದು.

ಮನೆಗೆ ಬಂದ ಮೇಲೆ ಇವರು ಗೋಡೆ ಕಡೆ ಮುಖ ಮಾಡಿ ಮಲಗಿದರು. ಐದೂವರೆಗೆ ಏಳಲಿಲ್ಲ. ಅನ್ನವೂ ಬೇಡ.

೨೩ ಮಾರ್ಚ್

ರಜೆ ಹಾಕಿದೆ. ಚಹಾ ಕೊಟ್ಟು ಎದುರು ಕೂತು ಹೇಳಿಬಿಟ್ಟೆ. ತಾರೀಖಿನ ತಪ್ಪು, ರೆಕಾರ್ಡ್, ಎಲ್ಲ. ಮೊದಲು ತಿಳಿಯದೆ, ಆಮೇಲೆ ತಿಳಿದೇ ಮಾಡಿದೆ ಎಂದೂ ಹೇಳಿದೆ. "ನಿಮಗ ಮೋಸ ಮಾಡೀನ್ರೀ. ನೀವು ಸೋತೇ ಇದ್ದಿಲ್ಲ."

ಇವರು ನನ್ನನ್ನೇ ನೋಡಿದರು. ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು! ಓರೆ ಬಾಯಲ್ಲಿ, ಚಹಾ ಚೆಲ್ಲುವಷ್ಟು.

"ಗೊ… ಗೊತ್ತು."

ಏನು ಗೊತ್ತು? ಎಡಗೈಯಿಂದ ಟಿವಿ ತೋರಿಸಿದರು, ಗೋಡೆಯ ಗಡಿಯಾರ ತೋರಿಸಿದರು.

"ಅಲ್ಲೆ… ಮುಂಜಾನಿ. ಏಳು." ಸ್ವಲ್ಪ ತಡೆದು, "ಯಾರು… ಆಡ್ತಾರ?"

ನಮಗೆ ಸಂಜೆ ಐದೂವರೆ ಎಂದರೆ ಅಲ್ಲಿ ಬೆಳಗ್ಗೆ ಏಳು. ಬೆಳಗ್ಗೆ ಏಳಕ್ಕೆ ಸ್ಟೇಡಿಯಂ ತುಂಬ ಜನ ಕೂತು ಯಾರು ಹಾಕಿ ನೋಡುತ್ತಾರೆ? ಮೊದಲನೇ ವಾರವೇ ಇವರಿಗೆ ಹೊಳೆದಿದೆ. ಹದಿನೆಂಟು ವರ್ಷದ ಸ್ಟ್ಯಾಟಿಸ್ಟಿಕ್ಸ್ ಮೇಡಂಗೆ ಹೊಳೆಯಲಿಲ್ಲ.

"ಮತ್ತ ಯಾಕ ದಿನಾ ಬಾಜಿ ಕಟ್ಟಿದ್ರಿ? ಯಾಕ ಸೋತು ಸೋತು ಕಾರ್ಡ್ ಓದಿದ್ರಿ?"

ಬಹಳ ಹೊತ್ತು ಹುಡುಕಿದರು. ನಾನು ಕಾಯುತ್ತ ಕೂತೆ.

"ನೀ… ಕೂಡ್ತಿ."

ಅಷ್ಟೇ. ನೀನು ಬಂದು ಕೂಡುತ್ತೀ.

ನಿಜ. ಆಗಸ್ಟಿನಿಂದ ನಾನು ಇವರ ಹತ್ತಿರ ಕೂತದ್ದು ಆ ಹೊತ್ತಿನಲ್ಲಿ ಮಾತ್ರ. ಉಳಿದಂತೆ ಓಡಾಟ. ಮಾತ್ರೆ, ಬಸ್ಸು, ಕುಕ್ಕರ್, ಸ್ನಾನ ಮಾಡಿಸುವುದು, ಒರೆಸುವುದು. ಎಲ್ಲ ಮಾಡಿದೆ, ಕೂಡಲಿಲ್ಲ. ಇವರಿಗೆ ಮಾತು ಹೋಗಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ನಾನೇ ಇವರ ಸಂಗಡ ಮಾತು ಬಿಟ್ಟಿದ್ದೆ. ಇವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಬಲಗೈ, ಆ ಬಾರದ ಕೈ, ತಲೆಯ ಮೇಲೆ ಬಂತು. ಭಾರವಾಗಿತ್ತು.

೧೬ ಏಪ್ರಿಲ್, ಭಾನುವಾರ

ಮಷಿನ್ ರಿಪೇರಿಯಾಗಿದೆ. ಈಗ ಪಟ್ಟಿಯಲ್ಲಿ ಎರಡು ದಿನ ಹಿಂದಿನದನ್ನಷ್ಟೇ ತಿನ್ನಿಸುತ್ತೇನೆ. ಪಾಪದ್ದು, ಹತ್ತಕ್ಕೆ ಐದು, ಆರು. ಇವರದು ಏಳು, ಎಂಟು. ಗುಟ್ಟೇನೆಂದರೆ ಇವರು ಟೀಮು ನೋಡುವುದಿಲ್ಲ, ಪಂದ್ಯದ ಮೊದಲು ಗೋಲ್‌ಕೀಪರ್ ಮೈ ಸಡಿಲಿಸುವುದನ್ನು ನೋಡುತ್ತಾರೆ. "ಮೊಣಕಾಲು… ಹೆದರ್ಯಾವ" ಎಂದರು ನಿನ್ನೆ ಒಬ್ಬನನ್ನು ನೋಡಿ. ಅವನು ಐದು ಗೋಲು ಬಿಟ್ಟ. ಗೋಲ್‌ಕೀಪರ್ ಮೊಣಕಾಲು ನನ್ನ ಫ್ಲಾಪಿಯಲ್ಲಿ ಎಲ್ಲಿಂದ ಬರಬೇಕು?

ಗೆದ್ದರೂ ಕಾರ್ಡು ಕೇಳುತ್ತಾರೆ ಈಗ. ಆನೆಯ ಕಾರ್ಡುಗಳನ್ನು ವಾಪಸ್ ಕೊಟ್ಟೆ. ನಾನೇ ಕನ್ನಡದಲ್ಲಿ ಬರೆದಿದ್ದೇನೆ. ಫ್ಯಾಕ್ಟರಿಯ ಲೇತ್, ಗೇಜ್, ಪಾಳಿ; ಊರಿನ ಗಿರಮಿಟ್ ತಿಂಡಿ, ಧಾರವಾಡ ಸ್ಟೇಷನ್.

೧೧ ಮೇ

ನಲವತ್ತೈದು ಡಿಗ್ರಿ. ಕೂಲರಿಗೆ ನೀರು ಹಾಕಿ ಹಾಕಿ ಸೊಂಟ ಬಿದ್ದಿದೆ. ಇವರು ಮೂರು ಶಬ್ದ ಜೋಡಿಸುತ್ತಾರೆ, ಒಳ್ಳೆಯ ದಿನ ನಾಲ್ಕು. ಹೊಸಬರು ಎದುರಿಗಿದ್ದರೆ ಒಂದೂ ಇಲ್ಲ. ಅದೇ ಭಯ. ಬೋರ್ಡಿನವರೆಲ್ಲ ಹೊಸಬರೇ.

೧೪ ಜೂನ್

ಹಾಕಿ ಸೀಸನ್ ಮುಗಿಯಿತು. ಆದರೂ ಐದೂವರೆಗೆ ಕೂಡುತ್ತೇವೆ. ಟಿವಿ ಹಚ್ಚುವುದಿಲ್ಲ. ನಾಳೆ ಬೋರ್ಡ್. ಇವರ ಅಂಗಿಗೆ ಇಸ್ತ್ರಿ ಮಾಡಿಟ್ಟೆ.

೧೫ ಜೂನ್, ಗುರುವಾರ, ಬೆಳಗ್ಗೆ ೮.೪೦

ತಯಾರಾಗಿ ಕೂತಿದ್ದಾರೆ. ಅಂಗಿಯ ಗುಂಡಿ ತಾವೇ ಹಾಕಿಕೊಂಡರು, ಒಂದು ಮೇಲೆ ಕೆಳಗೆ. ಸರಿಮಾಡಲು ಹೋಗಲಿಲ್ಲ. ಆಟೋ ಒಂಬತ್ತಕ್ಕೆ ಹೇಳಿದೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತ ಕೂತೆ.

ಈಗ ಎರಡು ನಿಮಿಷದ ಹಿಂದೆ, "ಬಾಜಿ?" ಎಂದರು.

ಯಾವುದರ ಮೇಲೆ? ತಮ್ಮ ಎದೆ ಮುಟ್ಟಿಕೊಂಡರು. "ಬೋರ್ಡ್."

"ಮಷಿನ್‌ಗೆ ಇದು ತಿಳಿಯೂದಿಲ್ಲರೀ."

"ನೀ… ಕಟ್ಟು."

"ನಾ ನಿಮ್ಮ ಕಡೀನ. ನೀವು ಮಾತಾಡ್ತೀರಿ. ಗೆಲ್ತೀರಿ."

ಕೋಲು ನೆಲಕ್ಕೆ ಕುಟ್ಟಿದರು. ಸಿಟ್ಟು. ಫ್ಯಾಕ್ಟರಿಯಲ್ಲಿ ಯಾರಾದರೂ ಕೆಲಸ ಕೆಡಿಸಿದರೆ ಬರುತ್ತಿದ್ದ ಸಿಟ್ಟು.

"ಇಬ್ಬರೂ… ಒಂದ ಕಡೆ ಆದ್ರ… ಬಾಜಿ ಹೆಂಗ ಆಗ್ತದ, ಧನೂ?"

ಎಣಿಸಿದೆ. ಏಳು ಶಬ್ದ. ಎಂಟನೆಯದು ನನ್ನ ಹೆಸರು. ಆಗಸ್ಟಿನ ನಂತರ ಮೊದಲ ಸಲ ನನ್ನ ಹೆಸರು. ಇವರಿಗೆ ತಾವೇನು ಹೇಳಿದೆವು ಎಂದು ಗೊತ್ತಾಗಿರಲಿಲ್ಲ, ಇನ್ನೂ ಸಿಟ್ಟಿನಲ್ಲೇ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಹಂಗಾರ ನಾ ಎದುರಿನ ಕಡೆ. ನೀವು ಸೋಲ್ತೀರಿ ಅಂತ ಕಟ್ಟೀನಿ," ಎಂದೆ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಬಾಜಿ ಕಟ್ಟಿದ್ದೇನೆ, ನಾನೇ ಸೋಲಲಿ ಎಂದು ಕೈ ಮುಗಿದು ಕಟ್ಟಿದ್ದು ಇದೊಂದೇ—

ಆಟೋ ಬಂತು. ಬೇಗ ಬಂದಿದ್ದಾನೆ, ಹಾರ್ನ್ ಹೊಡೆಯುತ್ತಿದ್ದಾನೆ. ಫೈಲು ತಗೊಳ್ಳಬೇಕು. ಇವರು ಆಗಲೇ ಎದ್ದು ಬಾಗಿಲಿಗೆ ಹೋಗಿದ್ದಾರೆ. ಯಾವ ಊರಿನವನೋ, ಹೊಸಬ. ಅವನಿಗೆ ಗಟ್ಟಿಯಾಗಿ, "ಥಾಂಬಾ ಹೋ… ಬಾಯಕೋ… ಯೇತೇ—" ನಿಲ್ಲಪ್ಪ, ಹೆಂಡತಿ ಬರುತ್ತಾಳೆ ಎಂದು ಮರಾಠಿಯಲ್ಲಿ ಹೇಳುತ್ತಿದ್ದಾರೆ, ಇವರು, ಇವರೇ…