ಎರಡು ಅಂಚಿನ ಪ್ರಬಂಧ

ಖುರ್ದಾದ್ ೧೨, ೧೩೫೩ ಫಸಲಿ (ಏಪ್ರಿಲ್ ೧೯೪೪). ಗದ್ವಾಲ್.

ಈ ಹಾಳು ಅಂಚಿನ ಚಿಂತೆ ಇವತ್ತಿಗೆ ಮುಗಿಯಿತು. ಉರ್ದು ಪ್ರಬಂಧದ ಹಾಳೆಗೆ ಬಲಗಡೆ ಅಗಲವಾದ, ಎಡಗಡೆ ಕಿರಿದಾದ ಅಂಚು ಬಿಡಬೇಕೆಂಬುದು ವಿಶ್ವವಿದ್ಯಾಲಯದ ನಿಯಮ. ನೇಕಾರರ ಮನೆಯವನಾದ ನಾನು ಸೀರೆಗೆ ಬಿಡುವಂತೆ ಎರಡೂ ಕಡೆ ಒಂದೇ ಅಗಲ ಬಿಟ್ಟು ಬರೆದು ಮುಗಿಸಿದ್ದೆ. ಮತ್ತೆ ಬರೆಯಲು ಪುರುಸೊತ್ತೆಲ್ಲಿ? ನಾಳೆಯೇ ಹೈದರಾಬಾದಿನ ರೈಲು.

ಅದರ ಮೇಲೆ, ಪುರಾಣದ ಪುಸ್ತಕ ಕಟ್ಟುವ ಕರಿಬಸಯ್ಯ ತನ್ನ ರೂಢಿಯಂತೆ ಎಡಗಡೆ ಹೊಲಿದುಬಿಟ್ಟಿದ್ದ. ಉರ್ದು ಓದುವುದು ಬಲದಿಂದ ಎಡಕ್ಕೆ; ತೆರೆದರೆ ಕೊನೆಯ ಪುಟ ಮೊದಲು! ಬೆಳಿಗ್ಗೆ ಅವನ ಅಂಗಡಿಯಲ್ಲೇ ಕೂಗಾಡಿದೆ.

“ಸಿಟ್ಟಾಗಬ್ಯಾಡ್ರೀ. ತೂತು ಬಿದ್ದ ಕಡೆ ಕತ್ತರಿಸಿ, ಬಲಕ್ಕ ಹೊಲೀತೀನಿ,” ಎಂದ.

ಕತ್ತರಿಸಿದ. ಎಡದ ಅಂಚು ತಾನಾಗಿಯೇ ಕಿರಿದಾಯಿತು, ನಿಯಮದಲ್ಲಿದ್ದಂತೆಯೇ! ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಈಗಷ್ಟೇ ಬೈದವನು ಯಾಕೆ ನಗುತ್ತಾನೆಂದು ಪಾಪ ಅವನಿಗೆ ತಿಳಿಯಲಿಲ್ಲ.

ಸಂಜೆ ಅವ್ವ ಮಗ್ಗದಿಂದೆದ್ದು ಬಂದು, ಹೊಸ ಸೀರೆ ನೋಡುವಂತೆ ಹಾಳೆಯ ಎರಡೂ ಅಂಚಿಗೆ ಬೆರಳಾಡಿಸಿದಳು. ಮುಖ ಸಪ್ಪಗಾಯಿತು.

“ಒಂದು ಅಂಚು ಸಣ್ಣದಾಗೈತಲ್ಲೋ. ಇಂಥಾದ್ದು ಯಾರು ತೊಗೊಂತಾರ?”

“ಇಂಥಾದ್ದನ್ನೇ ಕೇಳ್ಯಾರವ್ವಾ,” ಎಂದೆ.

ಅವಳು ಇನ್ನೂ ನಂಬಿಲ್ಲ. ನನಗೋ, ಕಣ್ಣು ಎಳೆಯುತ್ತಿದೆ…