ನಾಲ್ಕು ಇಂಚಿನ ಜೇಬು

ಮಾರ್ಚ್ 4, ಸಂಜೆ 4

ಇಪ್ಪತ್ತೊಂಬತ್ತನೆಯ ಜಾಕೆಟ್ ಮುಗಿಯಿತು. ಅದೇ ಹಳದಿ ಬಟ್ಟೆ, ಅದೇ ನೇರ ಹೊಲಿಗೆ. ಜೇಬು ಮಾತ್ರ ಇಲ್ಲ. ಎಲ್ಲರ ಪ್ಯಾಂಟಿನ ಜೇಬುಗಳನ್ನೂ ಹೊಲಿದು ಮುಚ್ಚಿದ್ದೇನೆ, ಮನೆ ಕೀಲಿ ಕೊರಳಿಗೆ. ಈ ನಿಯಮ ಮಾಡಿದವಳು ನಾನೇ. ಹೋದ ವರ್ಷ ಹಾಲಿನವನ ಜೇಬಿಗೆ ಪೊಲೀಸರೇ ಬ್ಲೇಡ್ ತುರುಕಿ, ಪೊಲೀಸರೇ ಹೊರತೆಗೆದರು. ಆರು ತಿಂಗಳು ಒಳಗಿದ್ದ. ಜೇಬೇ ಇಲ್ಲದಿದ್ದರೆ ಎಲ್ಲಿ ತುರುಕುತ್ತಾರೆ?

ಸಲೂನಿನವನು ಬಂದು ಕೂತಿದ್ದ. ಬಾಚಣಿಗೆಗೆ ಒಂದು ಜೇಬು ಬೇಕಂತೆ.

"ಇಷ್ಟೇ ಇಷ್ಟು ಅಕ್ಕ."

"ತಲೇಲೇ ಸಿಕ್ಕಿಸ್ಕೋ."

"ಕೂದಲೆಲ್ಲಿದೆ ಸಿಕ್ಕಿಸೋಕೆ?"

ನಗು ಬಂತು, ನುಂಗಿಕೊಂಡೆ. ಚೆನ್ನಾಗಿ ಬೈದು ಕಳಿಸಿದೆ.

ಆರಕ್ಕೆ ಪ್ಯಾಕಿಂಗ್ ಕಾರ್ಖಾನೆ ಬಿಡುತ್ತದೆ. ಮೇಲಿನ ಗಲ್ಲಿ, ಕೆಳಗಿನ ಗಲ್ಲಿ — ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಕಲ್ಲು ಎಸೆಯುವುದು ಅದೇ ಹೊತ್ತಿಗೆ. ಪೊಲೀಸರ ಲಾಠಿ ಬೀಳುವುದು ಮಾತ್ರ ಡ್ಯೂಟಿ ಮುಗಿಸಿ ಬರುವ ಹೆಂಗಸರ ಬೆನ್ನಿಗೆ. ನಾವು ಈ ಹಳದಿ ಜಾಕೆಟ್ ತೊಟ್ಟು ಎರಡು ಸಾಲಾಗಿ ನಿಂತು, ಅವರನ್ನು ನಡುವೆ ಇಟ್ಟುಕೊಂಡು ಸೇತುವೆಯವರೆಗೆ ನಡೆಯುತ್ತೇವೆ. ಕೈ ಬಿಚ್ಚಿರಬೇಕು, ಬಾಯಿ ಮುಚ್ಚಿರಬೇಕು. ನನಗೆ ಎರಡನೆಯದೇ ಕಷ್ಟ.

ಮಾರ್ಚ್ 6

ತಮ್ಮನೂ ಬರುತ್ತಾನಂತೆ. ವೆಲ್ಡಿಂಗ್ ಕೆಲಸದವನು. ಮೂಗಿನ ತುದಿಯಲ್ಲಿ ಕೋಪ, ಎದೆಯಲ್ಲಿ ಉಬ್ಬಸ. ಮೊನ್ನೆಮೊನ್ನೆಯವರೆಗೆ ಅವನೂ ಕಲ್ಲೆಸೆದವನೇ. ಹಿಂದೆ ಬಿದ್ದು, ಪ್ರಾಣ ತಿಂದು ಬಿಡಿಸಿದ್ದೆ.

"ಬರ್ತೀನಿ ಕಣಕ್ಕಾ. ಯಾರಾದ್ರೂ ಹೊಡೆದ್ರೆ ಸುಮ್ನಿರ್ತೀನಿ ಅಂತ ಮಾತ್ರ ಹೇಳಲ್ಲ."

"ಸುಮ್ನಿರೋದಾದ್ರೆ ಬಾ. ಇಲ್ಲಾಂದ್ರೆ ಮನೇಲಿ ಬಿದ್ಕೋ."

ಒಪ್ಪಿದ. ಅಳತೆ ತೆಗೆಯುವಾಗ ಎದೆಯೊಳಗೆ ಸುಂಯ್ ಸುಂಯ್ ಸದ್ದು. ಇನ್ಹೇಲರ್ ಎಲ್ಲಿಟ್ಟುಕೊಳ್ಳುತ್ತಾನೆ? ಕೈಯಲ್ಲಿ ಏನೂ ಇರಕೂಡದು...

ಎಡಪಕ್ಕೆಯಲ್ಲಿ, ಒಳಗಡೆ, ಪುಟ್ಟ ಜೇಬೊಂದನ್ನು ಹೊಲಿದೆ. ನಾಲ್ಕು ಇಂಚು ಆಳ, ಬಾಯಿಗೆ ಗುಂಡಿ. ಯಾರಿಗೂ ಹೇಳಲಿಲ್ಲ. ಸಲೂನಿನವನ ಮುಖ ನೆನಪಾಗಿ ನಾಚಿಕೆಯಾಯಿತು. ಬಿಚ್ಚಲಿಲ್ಲ.

ಮಾರ್ಚ್ 12

ಇವತ್ತು ಮೇಲಿನ ಗಲ್ಲಿಯಿಂದ ಬಂದ ಕಲ್ಲು ತಮ್ಮನ ಭುಜಕ್ಕೆ ಬಿತ್ತು. ಕಣ್ಣು ಕೆಂಪಾಯಿತು. ನಿಂತಲ್ಲೇ ನಿಂತ. ನನ್ನ ತಮ್ಮ! ಸೇತುವೆ ದಾಟಿದ ಮೇಲೆ ಇನ್ಹೇಲರ್ ಎಳೆದುಕೊಂಡು, "ಈಗ ಬೈಯಕ್ಕ, ನೋಡೋಣ" ಅಂದ. ಹೆಮ್ಮೆಯಾಯಿತು. ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾನೆ.

ಮಾರ್ಚ್ 19, ಮಧ್ಯಾಹ್ನ 2

ಹೇಳಬೇಕಿತ್ತು.

ಮೊನ್ನೆ ಸೇತುವೆ ಹತ್ತಿರ ಪೊಲೀಸರ ತಪಾಸಣೆ. ಎಲ್ಲರನ್ನೂ ತಡವಿದರು, ಯಾರ ಮೈಮೇಲೂ ಏನಿಲ್ಲ. ತಮ್ಮನ ಎಡಪಕ್ಕೆಗೆ ಬಂದಾಗ ಕೈ ನಿಂತಿತು. "ಇಲ್ಲೊಂದು ಜೇಬಿದೆ ಸಾರ್." ಜೀಪಿಗೆ ಹತ್ತಿಸಿದರು. ಅವನು ಕೈಯೆತ್ತಲಿಲ್ಲ, ಬಾಯಿಬಿಡಲಿಲ್ಲ. ನನ್ನ ಕಡೆ ತಿರುಗಿ ನೋಡಿದ.

ನಮ್ಮ ಪರ ನಿಂತ ವಕೀಲರು ಪೊಲೀಸರು ಬರೆದ ಕಾಗದ ಓದಿ ಹೇಳಿದರು. ಗುಂಡಿ ಹಾಕಿದ ಒಳಜೇಬಿನಲ್ಲಿ ಒಂಬತ್ತು ಇಂಚಿನ ಚೂರಿ ಸಿಕ್ಕಿತಂತೆ. ಇನ್ಹೇಲರ್ ಮಾತೇ ಇಲ್ಲ. ಹೊಸದನ್ನು ಕೊಂಡು ಸ್ಟೇಷನ್ನಿಗೆ ಎರಡು ಸಲ ಹೋದೆ. ಗೇಟಿನಿಂದಲೇ ವಾಪಸ್. ಅವನಿಗೆ ಉಸಿರು ಕಟ್ಟಿದರೆ? ಕತ್ತರಿ ಹಿಡಿದರೆ ಗೆರೆ ತಪ್ಪುತ್ತಿದೆ.

ನಾಲ್ಕು ಇಂಚಿನ ಜೇಬು. ಒಂಬತ್ತು ಇಂಚಿನ ಚೂರಿ. ಗುಂಡಿ ಹಾಕಿದ್ದು ಹೇಗೆ? ಕೇಳಬಲ್ಲವಳು ಹೊಲಿದವಳು ಮಾತ್ರ. ಕೇಳಬೇಕೆಂದರೆ ಮೊದಲು ಎಲ್ಲರ ಮುಂದೆ ನನ್ನ ತಪ್ಪು...

ಮಾರ್ಚ್ 20, ಬೆಳಗ್ಗೆ 11

ಹೇಳಿಬಿಟ್ಟೆ. ಅಂಗಡಿ ತುಂಬ ಜನ, ಎಲ್ಲರ ಕೈ ತಮ್ಮ ತಮ್ಮ ಎಡಪಕ್ಕೆಗೆ ಹೋಯಿತು. ಬೈದಿದ್ದರೆ ವಾಸಿಯಿತ್ತು.

"ನೀನೊಬ್ಬಳೇ ಹೋಗಿ ಹೇಳಿದ್ರೆ ಯಾರು ನಂಬ್ತಾರೆ? ಅಕ್ಕ ತಾನೇ ಅಂತಾರೆ," ಅಂದರು ಟೀಚರಮ್ಮ. ರಿಟೈರಾಗಿ ಹತ್ತು ವರ್ಷವಾದರೂ ಗಲ್ಲಿಯೆಲ್ಲ ಅವರಿಗೆ ಈಗಲೂ ಕ್ಲಾಸ್‌ರೂಮೇ.

ಸಲೂನಿನವನು ಎದ್ದ. ಈಗ ಶುರುಮಾಡುತ್ತಾನೆ ಅಂದುಕೊಂಡೆ. ಜಾಕೆಟ್ ಬಿಚ್ಚಿ ಮಿಷನ್ನಿನ ಮೇಲಿಟ್ಟ.

"ನನಗೂ ಹೊಲಿ ಅಕ್ಕ. ಅದೇ ಅಳತೆ, ಅದೇ ಗುಂಡಿ. ಬಾಚಣಿಗೆಗಲ್ಲ."

ಅದರ ಮೇಲೆ ಹಾಲಿನವನ ಜಾಕೆಟ್ ಬಿತ್ತು. ಆಮೇಲೆ ಒಂದೊಂದಾಗಿ ಎಲ್ಲರದು. ನಾಳೆ ಹತ್ತಕ್ಕೆ ಸ್ಟೇಷನ್ ಗೇಟಿನ ಮುಂದೆ ಸಾಲಾಗಿ ನಿಲ್ಲುವುದು. ಟೀಚರಮ್ಮ ಒಂಬತ್ತು ಇಂಚಿನ ರಟ್ಟಿನ ಪಟ್ಟಿ ತರುತ್ತಾರೆ. ಒಬ್ಬೊಬ್ಬರೇ ಅದನ್ನು ತಮ್ಮ ಜೇಬಿಗಿಳಿಸಿ ಗುಂಡಿ ಹಾಕಲು ನೋಡುವುದು. ಘೋಷಣೆ ಇಲ್ಲ, ಮಾತಿಲ್ಲ. ಪೇಪರಿನವರಿಗೆ ವಕೀಲರು ಹೇಳಿದ್ದಾರೆ.

"ಜೇಬಿದ್ರೆ ಯಾರ ಜೇಬಿಗೆ ಏನು ಬೇಕಾದ್ರೂ ಬರಬಹುದು," ಅಂದೆ.

"ಗೊತ್ತು," ಅಂದ ಹಾಲಿನವನು. "ಹೊಲಿಯಮ್ಮ."

ಮಾರ್ಚ್ 21, ಬೆಳಗ್ಗೆ 9.25

ಎಲ್ಲ ಮುಗಿದು ಒಂದು ಉಳಿದಿದೆ, ನನ್ನದು. ನನಗೇ ನಾನು ಜೇಬು ಹೊಲಿದದ್ದು ಇದೇ ಮೊದಲು. ಹೊರಗೆ ಸದ್ದೇ ಇಲ್ಲ, ಬಾಗಿಲಿಂದ ಇಣುಕಿದರೆ ರಸ್ತೆಯೆಲ್ಲ ಹಳದಿ. ಕಾರ್ಖಾನೆಯ ಹೆಂಗಸರೂ ಬಂದಿದ್ದಾರೆ, ಇವತ್ತು ಅವರು ಹೊರಗಿನ ಸಾಲು, ನಾವು ನಡುವೆ. ಮೇಲಿನ ಗಲ್ಲಿಯ ಕೆಲವರೂ ಇದ್ದಾರೆ, ಬರಿಗೈಯಲ್ಲಿ.

"ಅಕ್ಕಾ, ಹೊತ್ತಾಯ್ತು," ಸಲೂನಿನವನು.

ತಮ್ಮನಿಗೆಂದು ಕೊಂಡ ಇನ್ಹೇಲರ್ ನನ್ನ ಜೇಬಿನೊಳಗಿಟ್ಟೆ. ಸರಿಯಾಗಿ ಕೂತಿತು. ಇನ್ನು ಗುಂಡಿ ಹಾಕಿಕೊಂಡು ಹೊರಡುವುದು.