ರೆಪ್ಪೆಯ ಮೇಲೆ ಬಿಸಿ ಬಟ್ಟೆ

ಮುಕ್ಕುಂದ, 1991ರ ಸುಗ್ಗಿ

ನಮ್ಮ ಮನೆಯವರೇ,

ತೀರಿಕೊಂಡವರು ಓದುವುದಿಲ್ಲವೆಂದು ಗೊತ್ತು. ಆದರೂ ನಿಮಗೆ ಹೇಳದೆ ಇರಲಾರೆ.

ಭತ್ತದ ಧೂಳಿಗೆ ನನ್ನ ರೆಪ್ಪೆಗಳು ಬಾತು ತುರಿಸುತ್ತಿದ್ದವು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಬೇಕೆಂದು ಸಿಂಧನೂರಿನ ಡಾಕ್ಟರು ಹೇಳಿದ್ದರು. ಇವತ್ತು ಕಟ್ಟೆಯ ಮೇಲೆ ಹಾಗೇ ಕಣ್ಮುಚ್ಚಿ ಮಲಗಿದ್ದೆ. ಬಟ್ಟೆ ಅದ್ದಿ ಇಡುತ್ತಿದ್ದ ಸೊಸೆ ಕಾಲುವೆಗೆ ಹೋದದ್ದು ಗೊತ್ತಾಗಲಿಲ್ಲ.

"ಬಟ್ಟಿ ಆರೇತಿ, ನಿದ್ದಿ ಮಾಡಾಕತ್ತೀಯೇನಬೇ?" ಎಂದು ಕೂಗಿದೆ.

ಯಾರೋ ಬಟ್ಟೆ ಅದ್ದಿ, ಹಿಂಡಿ, ಮೆಲ್ಲಗೆ ಇಟ್ಟರು. ಹಿತವಾಯಿತು.

"ಅಬ್ಬಾ, ಇವತ್ತರ ನಿನ್ನ ಕೈಗೆ ಬುದ್ಧಿ ಬಂತಲ್ಲ!"

"ನಿನ್ನ ಬಾಯಿಗಿ ಮಾತ್ರ ಇನ್ನೂ ಬಂದಿಲ್ಲ ನೋಡವ್ವ."

ನಿಮ್ಮ ತಂಗಿ ಶೇಖಮ್ಮ! ಹೊಲದ ಬದುವಿನ ಜಗಳವಾದ ಮೇಲೆ ನಿಮ್ಮ ಮಣ್ಣಿಗೂ ಬಾರದವಳು. ಕೊನೆಯ ದಿನಗಳಲ್ಲಿ ನೀವು ಬಾಗಿಲನ್ನೇ ನೋಡುತ್ತಿದ್ದಿರಿ.

ನಾನು ಕಣ್ಣು ತೆರೆಯಲಿಲ್ಲ. ತೆರೆದಿದ್ದರೆ ಇಬ್ಬರೂ ಜಗಳವನ್ನೇ ತೆಗೆಯುತ್ತಿದ್ದೆವು.

"ನೀರು ಆರ್ಯಾವ. ನಾ ಹೊಂಟೀನಿ" ಎಂದಳು.

"ಆರಿದ್ರ ಮತ್ತ ಕಾಯಿಸು. ಅಣ್ಣನ ಮನ್ಯಾಗ ಒಲಿ ಎಲ್ಲೈತಂತ ಮರ್ತೀಯೇನು?"

ಅವಳ ಬಳೆಗಳು ಹೊಸ್ತಿಲು ದಾಟಿ ಒಳಗೆ ಹೋದವು.

ಉಂಡು ಹೋದಳು. ನಾಳೆಯೂ ಬರುತ್ತಾಳಂತೆ. ಈ ಬಾವು ಅಷ್ಟು ಬೇಗ ಇಳಿಯದಿರಲಿ.

ನಿಮ್ಮ ಕಲ್ಯಾಣಮ್ಮ